ಹಣ್ಣಿಗೆ ಹೊಗೆ ತಾಗಬಾರದು

ಮೊದಲು ಕುದುರೆಗಳನ್ನು ಹೊರಗೆ ಸಾಗಿಸಿದರು.

ಅವುಗಳಿಗೆ ದಾರಿ ಬಿಡಲು ನಮ್ಮ ವ್ಯಾನು ರಸ್ತೆಯ ಅಂಚಿಗೆ ಸರಿದು ನಿಂತಿತು. ದ್ರಾಕ್ಷಿತೋಟದ ಒಡೆಯ ಪ್ರೆಸ್ಕಾಟ್ ದಣಿಯ ಒಂಬತ್ತು ಕುದುರೆಗಳು, ಮೂರು ಉದ್ದನೆಯ ಗಾಡಿಗಳಲ್ಲಿ. ಕಣ್ಣಿಗೆ ಬೂದಿ ಬೀಳಬಾರದೆಂದು ಒಂದೊಂದರ ಮುಖಕ್ಕೂ ಒದ್ದೆ ಬಟ್ಟೆ ಕಟ್ಟಿದ್ದರು. ಗಾಡಿಗಳು ಬೆಟ್ಟ ಇಳಿದು ಊರಿನ ಕಡೆ ಹೋದವು. ನಾವು ಬೆಟ್ಟ ಹತ್ತಿ ಹೊಗೆಯ ಕಡೆ ಹೊರಟೆವು.

ಅರ್ಧ ದಾರಿಯಲ್ಲಿ ಪೊಲೀಸರು ರಸ್ತೆಗೆ ಅಡ್ಡ ಕಟ್ಟಿದ್ದರು. ಅಲ್ಲಿಂದ ಮೇಲಿನ ಮನೆಗಳನ್ನೆಲ್ಲ ಹಿಂದಿನ ದಿನವೇ ಖಾಲಿ ಮಾಡಿಸಿದ್ದರು. ಒಬ್ಬ ಬಿಳಿಯ ಹೆಂಗಸು ಪೊಲೀಸಿನವನ ಮುಂದೆ ನಿಂತು ಅಳುತ್ತಿದ್ದಳು. ಬೆಕ್ಕು ಮನೆಯೊಳಗೆ ಉಳಿದುಬಿಟ್ಟಿದೆ, ಐದು ನಿಮಿಷ ಬಿಡಿ ಎಂದು ಕೇಳುತ್ತಿದ್ದಳು. ಅವನು ಬಿಡಲಿಲ್ಲ. ಅವಳ ಭುಜ ಹಿಡಿದು ಕಾರಿನ ತನಕ ನಡೆಸಿಕೊಂಡು ಹೋದ. ಆಮೇಲೆ ನಮ್ಮ ವ್ಯಾನಿನ ಹತ್ತಿರ ಬಂದ. ನಮ್ಮ ಮೇಸ್ತ್ರಿ ನಿಕಾನೋರ್ ಒಂದು ಕಾಗದ ತೋರಿಸಿದ. ಕೊಯ್ಲಿನ ಆಳುಗಳನ್ನು ಒಳಗೆ ಬಿಡಬಹುದು ಎಂದು ಸರ್ಕಾರ ಕೊಟ್ಟ ಕಾಗದ ಅದು. ಪೊಲೀಸಿನವನು ಒಳಗೆಷ್ಟು ತಲೆ ಇವೆ ಎಂದು ನೋಡಲಿಲ್ಲ. ಕೈ ಬೀಸಿದ.

ನಮ್ಮಲ್ಲಿ ಸ್ವಲ್ಪ ಇಂಗ್ಲಿಷ್ ಬರುತ್ತಿದ್ದುದು ಸೆನೈದಾಗೆ ಮಾತ್ರ. ಇಪ್ಪತ್ತೆರಡು ವರ್ಷದವಳು.

"ಆ ಯಮ್ಮಂಗೆ ಏನಂದ ಗೊತ್ತಾ? ಬೆಕ್ಕಿಗಿಂತ ನಿಮ್ಮ ಪ್ರಾಣ ದೊಡ್ಡದು ತಾಯಿ ಅಂದ" ಎಂದಳು.

"ನಮ್ಗೇನಂದ?" ಎಂದು ಲಿಬ್ರಾದಾ ಚಿಕ್ಕಮ್ಮ ಕೇಳಿದಳು.

"ನಮ್ಗೇನೂ ಅನ್ಲಿಲ್ಲ. ಕೈ ಬೀಸ್ದ, ಅಷ್ಟೆ."

"ಪರ್ವಾಗಿಲ್ಲ ಬಿಡು. ಬಯ್ಲಿಲ್ವಲ್ಲ."

ವ್ಯಾನಿನಲ್ಲಿ ನಗು ಎದ್ದಿತು. ನಕ್ಕವರೆಲ್ಲ ಕೆಮ್ಮಿದರು.

ನಾವು ಹನ್ನೊಂದು ಜನ. ಎಂಟು ಹೆಂಗಸರು, ಮೂವರು ಗಂಡಸರು. ಎಲ್ಲರೂ ಮೆಕ್ಸಿಕೋದ ದಕ್ಷಿಣದ ಬೆಟ್ಟದ ಹಳ್ಳಿಗಳವರು, ಮಿಶ್ತೆಕ್ ಜನ. ಮನೆಮಾತು ಮಿಶ್ತೆಕ್. ಸ್ಪ್ಯಾನಿಷ್ ಮೇಸ್ತ್ರಿಯ ಭಾಷೆ. ಇಂಗ್ಲಿಷ್ ದಣಿಯ ಭಾಷೆ. ಲಿಬ್ರಾದಾ ಚಿಕ್ಕಮ್ಮ ನನ್ನ ರಕ್ತಸಂಬಂಧಿ ಅಲ್ಲ, ಪಕ್ಕದ ಹಳ್ಳಿಯವಳು. ಐವತ್ತು ವರ್ಷ ಎಂದು ಹೇಳಿಕೊಳ್ಳುತ್ತಿದ್ದಳು. ಅರವತ್ತಮೂರಾಗಿತ್ತು. ಹನ್ನೊಂದು ವರ್ಷದ ಹಿಂದೆ ನಾನು ಕ್ಯಾಲಿಫೋರ್ನಿಯಾಕ್ಕೆ ಬಂದಾಗ ಬಾಗಿದ ಕೊಯ್ಲಿನ ಚಾಕುವನ್ನು ಹೇಗೆ ಹಿಡಿಯಬೇಕೆಂದು ತೋರಿಸಿಕೊಟ್ಟವಳು ಅವಳು. ಅಂದಿನಿಂದ ಒಂದೇ ಸಾಲು ನಮ್ಮದು. ಬಳ್ಳಿಯ ಆ ಕಡೆ ಅವಳು, ಈ ಕಡೆ ನಾನು. ಎಲೆಗಳ ಸಂದಿಯಲ್ಲಿ ಅವಳ ಕೈಗಳು ಕಾಣುತ್ತಿದ್ದವು. ಮುಖಕ್ಕಿಂತ ಹೆಚ್ಚಾಗಿ ನಾನು ಅವಳ ಕೈಗಳನ್ನೇ ನೋಡಿದ್ದೇನೆ.

ಆ ವರ್ಷ ಫೆಬ್ರವರಿಯ ನಂತರ ಒಂದು ಹನಿ ಮಳೆ ಬಿದ್ದಿರಲಿಲ್ಲ. ಗುಡ್ಡದ ಹುಲ್ಲು ಕಾಗದದ ಹಾಗೆ ಒಣಗಿತ್ತು. ಆಗಸ್ಟಿನಲ್ಲಿ ಸಿಡಿಲು ಬಡಿದು ಹತ್ತಿಕೊಂಡ ಬೆಂಕಿ ಮೂರು ವಾರ ಉರಿಯಿತು. ಅದು ಆರುವ ಮೊದಲೇ ಇನ್ನೊಂದು. ಇದು ಮೂರನೆಯದು. ಒಳನಾಡಿನಿಂದ ಒಣಗಾಳಿ ಬೀಸಲು ಶುರುವಾದರೆ ಬೆಂಕಿ ಒಂದು ಗುಡ್ಡದಿಂದ ಇನ್ನೊಂದಕ್ಕೆ ಹಾರುತ್ತಿತ್ತು. ಹಗಲು ಹತ್ತು ಗಂಟೆಗೆ ಸೂರ್ಯ ಅಂಗಿಯ ಕೆಂಪು ಗುಂಡಿಯ ಹಾಗೆ ಕಾಣುತ್ತಿದ್ದ. ಶಾಲೆ ಮುಚ್ಚಿತ್ತು, ಅಂಗಡಿ ಮುಚ್ಚಿತ್ತು. ಕಿಟಕಿ ತೆಗೆಯಬೇಡಿ, ಹೊರಗೆ ಬರಬೇಡಿ ಎಂದು ಟೀವಿಯಲ್ಲಿ ಹೇಳುತ್ತಿದ್ದರು.

ನಾವು ಹೊರಗಿದ್ದೆವು.

ದ್ರಾಕ್ಷಿ ಕುಯ್ಯುವುದೆಂದರೆ ಕೈತೋಟದಲ್ಲಿ ಹೂ ಬಿಡಿಸುವುದಲ್ಲ. ಬಳ್ಳಿಯ ಕೆಳಗೆ ಮಂಡಿಯೂರಬೇಕು. ತಂತಿಯ ಕೆಳಗೆ ತಲೆ ತೂರಿಸಬೇಕು. ಒಂದು ಕೈ ಗೊಂಚಲು ಹಿಡಿಯುತ್ತದೆ, ಇನ್ನೊಂದು ಕುಯ್ಯುತ್ತದೆ. ಕಣ್ಣು ಆಗಲೇ ಮುಂದಿನ ಗೊಂಚಲ ಮೇಲಿರಬೇಕು. ಅದಕ್ಕೇ ನಮ್ಮೆಲ್ಲರ ಎಡಗೈ ಬೆರಳುಗಳ ಮೇಲೆ ಗಾಯದ ಗೆರೆಗಳಿವೆ. ಬುಟ್ಟಿ ತುಂಬಿದರೆ ಹದಿನೆಂಟು ಕಿಲೋ. ಅದನ್ನು ತಲೆಯ ಮೇಲೆ ಹೊತ್ತು ಟ್ರ್ಯಾಕ್ಟರಿನ ಹಿಂದಿನ ತೊಟ್ಟಿಯ ತನಕ ಓಡಬೇಕು. ನಡೆದರೆ ಮೇಸ್ತ್ರಿ ಶಿಳ್ಳೆ ಹಾಕುತ್ತಾನೆ, ನಾಯಿಗೆ ಹಾಕುವ ಹಾಗೆ. ಆ ದಿನ ಪ್ರತಿ ಗೊಂಚಲ ಮೇಲೂ ಬೂದಿ ಕೂತಿತ್ತು. ಮುಟ್ಟಿದರೆ ಹಾರಿ ಮೂಗಿಗೆ ಬರುತ್ತಿತ್ತು. ಬೆವರಿಗೆ ಬೂದಿ ಸೇರಿದರೆ ಸುಣ್ಣದ ನೀರಿನ ಹಾಗೆ ಚರ್ಮ ತಿನ್ನುತ್ತದೆ. ಕತ್ತಿನ ಮಡಿಕೆ ಒಡೆಯುತ್ತದೆ. ಆ ಒಡಕಿಗೆ ದ್ರಾಕ್ಷಿಯ ರಸ ಇಳಿಯುತ್ತದೆ. ಅದರ ಸಿಹಿಗೆ ಹಳದಿ ಕಣಜದ ಹುಳುಗಳು ಬರುತ್ತವೆ.

ಸೋಮವಾರ ಒಬ್ಬೊಬ್ಬರಿಗೆ ಒಂದೊಂದು ಕಾಗದದ ಮುಖವಾಡ ಕೊಟ್ಟಿದ್ದರು. ಆ ದಿನ ಗುರುವಾರ. ನನ್ನದು ಒದ್ದೆಯಾಗಿ, ಒಣಗಿ, ಕಪ್ಪಾಗಿ ಹಪ್ಪಳದ ಹಾಗೆ ಗಟ್ಟಿಯಾಗಿತ್ತು.

ತೋಟದ ಅಂಚಿನಲ್ಲಿ ನಮಗೆಂದು ಒಂದು ಪ್ಲಾಸ್ಟಿಕ್ ಕಕ್ಕಸು ಇರುತ್ತಿತ್ತು. ಅದೂ ಇರಲಿಲ್ಲ. ಅದನ್ನು ತೊಳೆಯುವ ಕಂಪನಿಯವರು ಅಪಾಯದ ಜಾಗಕ್ಕೆ ತಮ್ಮ ಡ್ರೈವರನ್ನು ಕಳಿಸುವುದಿಲ್ಲ ಎಂದು ಹಿಂದಿನ ದಿನ ಬಂದು ಎತ್ತಿಕೊಂಡು ಹೋಗಿದ್ದರು. ನಾವು ಎಂಟು ಹೆಂಗಸರು. ಒಬ್ಬಳು ಬಳ್ಳಿಯ ಹಿಂದೆ ಕೂತರೆ ಇಬ್ಬರು ಅಂಗಿ ಅಡ್ಡ ಹಿಡಿದು ನಿಲ್ಲುತ್ತಿದ್ದೆವು. ನಿಕಾನೋರ್ ಗಡಿಯಾರ ನೋಡುತ್ತಿದ್ದ.

"ಬೇಗ ಬೇಗ, ಗುಡ್ಡದ ಗಿಡ್ಡಿಯರಾ! ನಿಮ್ಮೂರಲ್ಲಿ ಕಕ್ಕಸು ಇತ್ತಾ? ಇಲ್ಲಿ ಬಂದು ನಾಚ್ಕೆ ಕಲ್ತ್ರಾ?"

ಹನ್ನೊಂದು ಗಂಟೆಗೆ ವೈನ್ ಕಂಪನಿಯ ರುಚಿ ನೋಡುವವನು ಬಂದ. ಅವನ ಮುಖದ ಮೇಲೆ ರಬ್ಬರಿನ ದೊಡ್ಡ ಮುಖವಾಡ, ಎರಡು ಕಡೆ ಗಾಳಿ ಸೋಸುವ ಎರಡು ಬಿಲ್ಲೆ. ಅದನ್ನು ಸ್ವಲ್ಪ ಎತ್ತಿ ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡ. ಕಣ್ಣು ಮುಚ್ಚಿ ಅಗಿದ. ಉಗಿದ. ನಿಕಾನೋರನ ಹತ್ತಿರ ಏನೋ ಹೇಳಿ ಕಾರು ಹತ್ತಿ ಹೋದ. ಅವನು ನಮ್ಮ ನಡುವೆ ಇದ್ದುದು ನಾಲ್ಕು ನಿಮಿಷ.

"ಕೇಳಿಸ್ಕೊಳಿ ಎಲ್ಲರೂ" ಎಂದು ನಿಕಾನೋರ್ ಕೂಗಿದ. "ಇವತ್ತೇ ಮುಗೀಬೇಕು. ಹೊಗೆ ಸಿಪ್ಪೆ ಒಳಗೆ ಇಳಿದ್ರೆ ವೈನು ಬೂದಿ ರುಚಿ ಬರತ್ತಂತೆ. ಹಣ್ಣಿಗೆ ಹೊಗೆ ತಾಗಬಾರ್ದು."

ಲಿಬ್ರಾದಾ ಚಿಕ್ಕಮ್ಮ ಬಳ್ಳಿಯ ಕೆಳಗಿನಿಂದ ತಲೆ ಎತ್ತದೆ ಹೇಳಿದಳು: "ಮೇಸ್ತ್ರಿ, ನಮ್ಮ ಎದೆಗೂಡು ಏನು ರುಚಿ ಬರ್ತದೆ ಅಂತ ಅವನ್ನ ಕೇಳ್ಬೇಕಾಗಿತ್ತು."

"ನಿನ್ನ ಯಾರು ಕುಡೀತಾರೆ, ಮುದುಕಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವನ್ನು ನೆನೆದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮಧ್ಯಾಹ್ನ ರೊಟ್ಟಿ ಬಿಚ್ಚಿ ಕೂತಿದ್ದೆವು. ಮೆಕ್ಕೆಜೋಳದ ರೊಟ್ಟಿ, ಕಪ್ಪು ಕಾಳು. ಎಲ್ಲರ ಫೋನುಗಳೂ ಒಟ್ಟಿಗೆ ಕಿರುಚಿದವು. ಅದು ಕರೆ ಬಂದ ಶಬ್ದವಲ್ಲ. ಕೂಸನ್ನು ಚಿವುಟಿದ ಹಾಗೆ ಎಳೆದೆಳೆದು ಕಿರುಚುವ ಶಬ್ದ. ತೆಗೆದು ನೋಡಿದರೆ ಪರದೆಯ ತುಂಬ ಇಂಗ್ಲಿಷ್ ಅಕ್ಷರ. ಸೆನೈದಾ ಬೆರಳಿಟ್ಟು ಓದಿದಳು.

"ಈಗಲೇ ಹೊರಡಿ ಅಂತ ಬರ್ದವ್ರೆ. ಈಗಲೇ. ಸಾಮಾನು ತಗೊಳಕ್ಕೂ ನಿಲ್ಬ್ಯಾಡಿ ಅಂತ."

ನಾವು ಎದ್ದು ನಿಂತೆವು. ನಿಕಾನೋರ್ ಫೋನು ಕಿಸೆಗೆ ಹಾಕಿಕೊಂಡ.

"ಕೂತ್ಕೊಳ್ರೇ. ಅದು ಇಲ್ಲಿ ವಾಸ ಇರೋರ್ಗೆ ಕಳ್ಸೋದು. ನೀವಿಲ್ಲಿ ವಾಸ ಇದೀರಾ?"

ಅವನು ಸಾಲುಗಳ ಕಡೆ ಬೆರಳು ತೋರಿಸಿದ.

"ಇನ್ನು ಆರು ಸಾಲು. ಮುಗ್ಸಿ, ಎಲ್ಲರೂ ಹೋಗೋಣ. ಈಗ ಹೋಗೋರು ಈಗ್ಲೇ ಹೋಗ್ಬಹುದು, ನಡ್ಕೊಂಡು. ನಾಳೆಯಿಂದ ಬರೋದು ಬೇಡ. ನನ್ನ ವ್ಯಾನಲ್ಲಿ ನಿಮ್ಮ ಜಾಗಕ್ಕೆ ಇಪ್ಪತ್ತು ಜನ ಕಾಯ್ತಾವ್ರೆ."

ನಡೆದರೆ ಕೆಳಗಿನ ಅಡ್ಡಗಟ್ಟೆಗೆ ಹನ್ನೊಂದು ಕಿಲೋಮೀಟರು. ನಾವು ಕೂತೆವು. ಆಮೇಲೆ ಎದ್ದು ಬುಟ್ಟಿ ಹಿಡಿದೆವು. ಇದನ್ನು ನಾನು ಮುಚ್ಚಿಡುವುದಿಲ್ಲ. ನಮ್ಮನ್ನು ಯಾರೂ ಕಟ್ಟಿಹಾಕಿರಲಿಲ್ಲ. ಹೊಟ್ಟೆ ಕಟ್ಟಿಹಾಕಿತ್ತು.

ಎರಡು ಸಾಲು ಮುಗಿಯುವ ಹೊತ್ತಿಗೆ ಗಾಳಿ ತಿರುಗಿತು. ಬೂದಿಯ ಜೊತೆ ಕೆಂಡದ ಚೂರು ಬೀಳಲು ಶುರುವಾಯಿತು. ನಿಕಾನೋರ್ ಗುಡ್ಡದ ಕಡೆ ನೋಡಿದ. "ಕೆಳಗಿನ ಗೇಟಿನ ತನಕ ಹೋಗಿ ನೋಡ್ಕೊಂಡು ಬರ್ತೀನಿ. ನಿಲ್ಲಿಸ್ಬೇಡಿ" ಎಂದು ಹೇಳಿ ವ್ಯಾನು ತೆಗೆದುಕೊಂಡು ಹೋದ. ಹದಿನೈದು ಮಂದಿ ಕೂರುವ ವ್ಯಾನು. ಅವನೊಬ್ಬನೇ ಹೋದ.

ಹೋದವನು ಬರಲಿಲ್ಲ.

ಬಳ್ಳಿಯ ಆ ಕಡೆ ಕೈಗಳು ನಿಂತಿದ್ದು ನನಗೆ ಮೊದಲು ಕಾಣಿಸಿತು. ಗೊಂಚಲು ಹಿಡಿದ ಕೈ ಹಾಗೇ ಇತ್ತು, ಚಾಕು ಕುಯ್ಯುತ್ತಿರಲಿಲ್ಲ. ಆಮೇಲೆ ಗೊಂಚಲು ಬಿಟ್ಟುಹೋಯಿತು.

"ಚಿಕ್ಕಮ್ಮಾ?"

ತಂತಿಯ ಕೆಳಗೆ ನುಸಿದು ಹೋದೆ. ಮಂಡಿಯೂರಿದ್ದವಳು ಹಾಗೇ ಪಕ್ಕಕ್ಕೆ ವಾಲಿದ್ದಳು. ತುಟಿ ನೀಲಿಯಾಗಿತ್ತು. ಮುಖವಾಡ ತೆಗೆದೆ. ಅದರ ಒಳಗೂ ಹೊರಗಿನಷ್ಟೇ ಕಪ್ಪಾಗಿತ್ತು. ಉಸಿರು ಒಳಗೆ ಹೋಗುತ್ತಿರಲಿಲ್ಲ, ಗಂಟಲಲ್ಲೇ ಸಿಕ್ಕಿ ಶಿಳ್ಳೆ ಹೊಡೆಯುತ್ತಿತ್ತು.

"ಒತಿಲಿಯಾ" ಎಂದಳು. "ಬುಟ್ಟಿ ಅರ್ಧನೇ ಆಗಿರೋದು ಕಣೆ."

"ಹಾಳಾಗ್ಲಿ ಬುಟ್ಟಿ!"

ಕೂಗಿದೆ. ಎಲ್ಲರೂ ಓಡಿ ಬಂದರು. ಅಷ್ಟು ಹೊತ್ತಿಗೆ ಮೇಲಿನ ಗುಡ್ಡದ ಓಕ್ ಮರಗಳಿಗೆ ಬೆಂಕಿ ಹತ್ತಿತ್ತು. ಮರ ಉರಿಯುವುದಲ್ಲ, ಸಿಡಿಯುವುದು. ಒಂದೊಂದು ಸಿಡಿದಾಗಲೂ ನೆಲ ನಡುಗುತ್ತಿತ್ತು. ನಮ್ಮ ಹತ್ತಿರ ಇದ್ದುದು ಟ್ರ್ಯಾಕ್ಟರ್ ಒಂದೇ. ಅದರ ಹಿಂದೆ ಕಬ್ಬಿಣದ ತೊಟ್ಟಿ, ತೊಟ್ಟಿಯ ಕಂಠದ ತನಕ ದ್ರಾಕ್ಷಿ. ಹಿಲಾರಿಯೊ ಅದನ್ನು ಓಡಿಸುವವನು. ಮೆತ್ತನೆಯ ಮನುಷ್ಯ, ಮೂರು ಹೆಣ್ಣುಮಕ್ಕಳ ತಂದೆ.

"ಹಿಲಾರಿಯೊ, ತೊಟ್ಟಿ ಖಾಲಿ ಮಾಡು" ಎಂದೆ.

"ಮೇಸ್ತ್ರಿ ಬರ್ಲಿ ಕಣಕ್ಕ."

"ಮೇಸ್ತ್ರಿ ಬರಲ್ಲ."

"ಬ್ಯಾಡ ಒತಿಲಿಯಕ್ಕ. ಬೆಳಿಗ್ಗೆಯಿಂದ ಕುಯ್ದಿದ್ದು. ಆ ಹಣ್ಣು ದಣೀದು."

"ಈ ಹೆಂಗಸು ಯಾರ್ದು?"

ಅವನು ತೊಟ್ಟಿಯ ಕಡೆ ನೋಡಿದ. ನಾನು ಚಕ್ರದ ಮೇಲೆ ಕಾಲಿಟ್ಟು ಹತ್ತಿದೆ. ತೊಟ್ಟಿಯನ್ನು ಓರೆ ಮಾಡುವ ಹಿಡಿ ಎಲ್ಲಿದೆ ಎಂದು ಗೊತ್ತಿತ್ತು. ಹನ್ನೊಂದು ವರ್ಷ ನೋಡಿದ್ದೆ. ಮುಟ್ಟಿರಲಿಲ್ಲ. ಎರಡೂ ಕೈಯಲ್ಲಿ ಎಳೆದೆ.

ತೊಟ್ಟಿ ನರಳಿ ಒಂದು ಕಡೆ ಎದ್ದಿತು. ದ್ರಾಕ್ಷಿ ಜಾರಿತು. ಮೊದಲು ನಿಧಾನ, ಆಮೇಲೆ ಒಮ್ಮೆಲೇ. ಒಂದು ಟನ್ ಹಣ್ಣು ಮಣ್ಣಿಗೆ ಬಿತ್ತು. ನಮ್ಮ ಬೆಳಗಿನ ದುಡಿಮೆಯೆಲ್ಲ ಅಲ್ಲಿ ಬಿತ್ತು. ಯಾರೋ ಹಿಂದಿನಿಂದ "ಅಯ್ಯೋ" ಎಂದರು. ನನಗೆ ಮಾತ್ರ ಎದೆಯ ಮೇಲಿಂದ ಏನೋ ಇಳಿದ ಹಾಗಾಯಿತು. ಸುಳ್ಳು ಏಕೆ ಹೇಳಲಿ, ಇನ್ನೊಂದು ತೊಟ್ಟಿ ಇದ್ದಿದ್ದರೆ ಅದನ್ನೂ ಚೆಲ್ಲುತ್ತಿದ್ದೆ.

ಚಿಕ್ಕಮ್ಮನನ್ನು ಎತ್ತಿ ಹಾಕಿದೆವು. ಹತ್ತು ಜನ ತೊಟ್ಟಿಯೊಳಗೆ, ಹಿಲಾರಿಯೊ ಮುಂದೆ. ಕಬ್ಬಿಣ ಕಾಯುತ್ತಿತ್ತು. ತಳದಲ್ಲಿ ಚೆಲ್ಲದೆ ಉಳಿದ ರಸ ನಿಂತಿತ್ತು, ನಾವು ಅದರಲ್ಲೇ ಕೂತೆವು. ಕಣಜಗಳೂ ನಮ್ಮ ಜೊತೆಗೇ ಬಂದವು. ರಸ್ತೆಯ ಎರಡೂ ಕಡೆ ಬೇಲಿಗೂಟಗಳು ಮೇಣದಬತ್ತಿಗಳ ಹಾಗೆ ಉರಿಯುತ್ತಿದ್ದವು. ಸೆನೈದಾ ಅಂಗಿಯನ್ನು ರಸದಲ್ಲಿ ಅದ್ದಿ ಎಲ್ಲರ ತಲೆಯ ಮೇಲೆ ಹಿಂಡಿದಳು. ಹಿಲಾರಿಯೊ ಅಳುತ್ತ ಓಡಿಸಿದ. ಆದರೆ ನಿಲ್ಲಿಸಲಿಲ್ಲ. ಅದನ್ನು ನಾನು ಮರೆಯುವುದಿಲ್ಲ, ಆಮೇಲೆ ಅವನು ಏನು ಮಾಡಿದರೂ.

ಚಿಕ್ಕಮ್ಮನ ತಲೆ ನನ್ನ ತೊಡೆಯ ಮೇಲಿತ್ತು.

"ನನ್ನ ಚಾಕು" ಎಂದಳು.

"ಏನು?"

"ಚಾಕು ಅಲ್ಲೇ ಬಿಟ್ಟೆ. ಹೊಸದು."

ನಮ್ಮ ಚಾಕುಗಳನ್ನು ನಾವೇ ಕೊಂಡುಕೊಳ್ಳಬೇಕು. "ನಂದು ಕೊಡ್ತೀನಿ ಚಿಕ್ಕಮ್ಮ. ನಂದು ನಿಂಗೇ" ಎಂದೆ. ಅವಳು ತಲೆ ಆಡಿಸಿದಳೋ, ತೊಟ್ಟಿಯ ಕುಲುಕಿಗೆ ಅದೇ ಆಡಿತೋ ತಿಳಿಯಲಿಲ್ಲ. ಆಮೇಲೆ ಶಿಳ್ಳೆಯಂಥ ಆ ಶಬ್ದ ನಿಂತಿತು. ಬೆಂಕಿಯ ಸದ್ದಿನಲ್ಲಿ ಅದು ಯಾವಾಗ ನಿಂತಿತೆಂದೂ ನನಗೆ ಗೊತ್ತಾಗಲಿಲ್ಲ.

ಅಡ್ಡಗಟ್ಟೆಯ ಹತ್ತಿರ ಆಂಬುಲೆನ್ಸ್ ಇತ್ತು. ಅದರ ಪಕ್ಕದಲ್ಲಿ ನಮ್ಮ ವ್ಯಾನು. ನಿಕಾನೋರ್ ನೆರಳಲ್ಲಿ ನಿಂತು ನೀರು ಕುಡಿಯುತ್ತಿದ್ದ. ನಮ್ಮನ್ನು ನೋಡಿ ಬಾಟಲಿ ಕೆಳಗಿಟ್ಟ. ಆಂಬುಲೆನ್ಸಿನವರು ಚಿಕ್ಕಮ್ಮನ ಎದೆ ಒತ್ತಿದರು, ಮೂಗಿಗೆ ಗಾಳಿ ಕೊಟ್ಟರು. ಸುಮಾರು ಹೊತ್ತು ಮಾಡಿದರು. ಆಮೇಲೆ ಒಬ್ಬ ಗಡಿಯಾರ ನೋಡಿ ಹೊತ್ತು ಬರೆದುಕೊಂಡ. ಹೆಸರು ಕೇಳಿದ.

"ತೆರೇಸಾ ಓಲ್ಮೆದೊ" ಎಂದು ನಿಕಾನೋರ್ ಹೇಳಿದ.

ನಾನು ಬಾಯಿ ತೆಗೆದೆ. ಅವನು ನನ್ನ ತೋಳು ಹಿಡಿದು ನಮ್ಮ ಭಾಷೆಯಲ್ಲಿ, ಅದುವರೆಗೂ ಬರುವುದಿಲ್ಲ ಎಂದು ನಟಿಸುತ್ತಿದ್ದ ಮಿಶ್ತೆಕ್‌ನಲ್ಲಿ ಕಿವಿಯ ಹತ್ತಿರ ಹೇಳಿದ: "ಸುಮ್ನಿರು. ಒಂದು ಹೆಸ್ರು ಎಳದ್ರೆ ಹನ್ನೊಂದೂ ಬಿಚ್ಕೊತವೆ. ಎಲ್ಲರೂ ಗಡಿ ಆಚೆ."

ಅವನು ಹೇಳಿದ್ದು ನಿಜ. ನಮ್ಮಲ್ಲಿ ಯಾರಿಗೂ ಈ ದೇಶದಲ್ಲಿರಲು ಕಾಗದವಿಲ್ಲ. ಕಾಗದ ಇರುವವರ ಕಾರ್ಡು ಬಾಡಿಗೆಗೆ ಪಡೆದು ಕೆಲಸ ಮಾಡುತ್ತೇವೆ. ಕಾರ್ಡು ತಂದುಕೊಡುವವನೂ ಮೇಸ್ತ್ರಿಯೇ. ಕಂಪನಿಯ ಪಟ್ಟಿಯಲ್ಲಿ ಲಿಬ್ರಾದಾ ಸರಾಬಿಯಾ ಇಲ್ಲ, ತೆರೇಸಾ ಓಲ್ಮೆದೊ ಇದ್ದಾಳೆ. ಒತಿಲಿಯಾ ಫೇರಿಯಾ ಇಲ್ಲ, ನೋರ್ಮಾ ರಿವಾಸ್ ಇದ್ದಾಳೆ. ಕಂಪನಿಗೆ ಇದು ಗೊತ್ತಿಲ್ಲವೇ? ಹದಿನಾಲ್ಕು ವರ್ಷದಿಂದ ಚಿಕ್ಕಮ್ಮನನ್ನು 'ಲಿಬಿ' ಎಂದೇ ಕರೆಯುತ್ತಿದ್ದ ದಣಿಗೆ ಗೊತ್ತಿಲ್ಲವೇ?

ನಾನು ಬಾಯಿ ಮುಚ್ಚಿಕೊಂಡೆ. ಚಿಕ್ಕಮ್ಮನ ಕಾಲಿನ ಹೆಬ್ಬೆರಳಿಗೆ ಬೇರೆಯವಳ ಹೆಸರು ಕಟ್ಟಿದರು.

ನಾವು ಆರು ಜನ ಒಂದು ಕಾರ್ ಶೆಡ್ಡಿನಲ್ಲಿ ಇರುತ್ತಿದ್ದೆವು. ಭಾನುವಾರ ಬೆಳಿಗ್ಗೆ ನಿಕಾನೋರ್ ಅಲ್ಲಿಗೆ ಬಂದ. ಉಳಿದವರನ್ನೂ ಕರೆಸಿದ್ದ. ಕೈಯಲ್ಲಿ ನೀರಿನ ಬಾಟಲಿಗಳ ಪೆಟ್ಟಿಗೆ, ಕಂಕುಳಲ್ಲಿ ಕಾಗದದ ಕಟ್ಟು.

"ಒಂದು ತೊಂದ್ರೆ ಆಗಿದೆ" ಎಂದ. "ತೆರೇಸಾ ಓಲ್ಮೆದೊ ಬದುಕಿದಾಳೆ. ಇನ್ನೊಂದೂರಲ್ಲಿ ಗಟ್ಟಿಮುಟ್ಟಾಗಿ ಇದಾಳೆ. ಸರ್ಕಾರಿ ಆಫೀಸಿನೋರು ಅವಳ ಮನೆಗೆ ಸಾವಿನ ಸುದ್ದಿ ಹೇಳಕ್ಕೆ ಫೋನ್ ಮಾಡಿದಾರೆ, ಅವಳೇ ಫೋನ್ ಎತ್ತಿದಾಳೆ."

ಯಾರೂ ನಗಲಿಲ್ಲ.

"ಈಗ ಕಂಪನಿಯೋರು ಏನಂತಾರೆ ಅಂದ್ರೆ, ನಮ್ಮ ಪಟ್ಟೀಲಿ ಇರೋರು ಯಾರೂ ಸತ್ತಿಲ್ಲ. ಆ ಹೆಂಗಸು ಯಾರೋ ನಮಗೆ ಗೊತ್ತಿಲ್ಲ. ನೀವೂ ಅಷ್ಟೇ ಹೇಳ್ಬೇಕು. ಸೈನ್ ಹಾಕಿ. ನಾಳೆ ಆಚೆ ಕಣಿವೇಲಿ ಕೊಯ್ಲಿದೆ, ಸೈನ್ ಹಾಕಿದೋರ್ಗೆಲ್ಲ ಕೆಲ್ಸ."

"ಏನು ಬರ್ದವ್ರೆ, ಓದು" ಎಂದು ನಾನು ಸೆನೈದಾಗೆ ಹೇಳಿದೆ.

ಅವಳು ನಿಧಾನವಾಗಿ ಓದಿದಳು. ಒಂದು ಕಡೆ ತಡೆದಳು. ಮತ್ತೆ ಓದಿದಳು.

"ಖಾಲಿ ಮಾಡ್ಸಿದ್ದ ಜಾಗಕ್ಕೆ... ಗುರುತಿಲ್ಲದ ಹೆಂಗಸೊಬ್ಬಳು... ಕಳ್ಳದಾರೀಲಿ ಬಂದಿದ್ಲು. ಬೀಗ ಹಾಕಿದ ಮನೆಗಳಲ್ಲಿ ಕದಿಯೋಕೆ ಬಂದಿರ್ಬಹುದು."

ನಾನು ನಿಕಾನೋರನ ಕಡೆ ತಿರುಗಿದೆ.

"ಕಳ್ಳಿ ಅಂತ ಬರ್ದಿದೀರಾ?" ಎಂದೆ.

"ಇರ್ಬಹುದು ಅಂತ ಬರ್ದಿರೋದು. ಬರೀ ಮಾತಿಗೆ. ಸತ್ತೋಳಿಗೆ ಏನು ನಷ್ಟ ಹೇಳು? ಬದುಕಿರೋರ್ಗೆ ಕೂಲಿ ಬೇಕು. ನಾನೇನು ಸಂತೋಷಕ್ಕೆ ಬಂದಿದೀನಾ? ನನಗೂ ಮೇಲಿಂದ ಒತ್ತಡ ಇದೆ."

ಮೊದಲು ಹಿಲಾರಿಯೊ ಸೈನ್ ಹಾಕಿದ. ನನ್ನ ಕಡೆ ನೋಡಲಿಲ್ಲ. ಆಮೇಲೆ ಒಬ್ಬೊಬ್ಬರೇ. ಪೆನ್ನು ಕೈಯಿಂದ ಕೈಗೆ ಹೋಯಿತು. ಸೆನೈದಾ ಕೂಡ ಹಾಕಿದಳು. ಅವಳ ತಮ್ಮ ಆಸ್ಪತ್ರೆಯಲ್ಲಿದ್ದ. ಯಾರನ್ನೂ ನಾನು ಬಯ್ಯುವುದಿಲ್ಲ. ಹಸಿವಿಗೆ ನೆಂಟರಿಲ್ಲ.

ಪೆನ್ನು ನನ್ನ ಹತ್ತಿರ ಬಂತು.

"ನಾನು ಹಾಕಲ್ಲ."

"ಒತಿಲಿಯಾ, ಹಟ ಮಾಡ್ಬೇಡ. ಒಂದು ಟನ್ ಹಣ್ಣು ಚೆಲ್ದೋಳು ನೀನು ಅಂತ ನಾನು ಇನ್ನೂ ಯಾರ್ಗೂ ಹೇಳಿಲ್ಲ."

"ಹೇಳು. ಯಾರಿಗೆ ಬೇಕಾದ್ರೂ ಹೇಳು. ವ್ಯಾನ್ ತಗೊಂಡು ಓಡಿಹೋದೋನು ಯಾರು ಅನ್ನೋದ್ನೂ ಹೇಳು."

ಅವನ ಮುಖ ಕೆಂಪಾಯಿತು.

"ಸೈನ್ ಹಾಕ್ದೆ ಇದ್ರೆ ಕಾರ್ಡ್ ವಾಪಸ್ ಕೊಡು. ನೋರ್ಮಾ ರಿವಾಸ್ ಕಾರ್ಡು. ಕೊಡು ಇಲ್ಲಿ. ಕಾರ್ಡಿಲ್ದೆ ಈ ಕಣಿವೇಲಿ ನಿನಗೆ ಯಾವನು ಕೆಲ್ಸ ಕೊಡ್ತಾನೆ ನೋಡ್ತೀನಿ."

ಕತ್ತಿನಿಂದ ದಾರ ತೆಗೆದು ಕಾರ್ಡನ್ನು ನೀರಿನ ಪೆಟ್ಟಿಗೆಯ ಮೇಲೆ ಎಸೆದೆ.

"ತಗೊ. ನಾಳೆ ಬೆಂಕಿ ಬಿದ್ದಾಗ ಆ ನೋರ್ಮಾನ್ನೇ ಕರ್ಕೊಂಡು ಹೋಗು. ಬುಟ್ಟಿ ಹೊತ್ಕೊಂಡು ಓಡ್ಲಿ. ಶಿಳ್ಳೆ ಹಾಕು, ಕೇಳಿಸ್ಕೊತಾಳಾ ನೋಡು."

ಅವನು ಹೋದ ಮೇಲೆ ಗೋಡೆಗೆ ಒರಗಿ ಕೂತುಬಿಟ್ಟೆ. ಧೈರ್ಯ ಅನ್ನುವುದು ನನ್ನಲ್ಲಿ ಅಷ್ಟೇ ಹೊತ್ತು ಇತ್ತು. ಸಂಜೆ ಶೆಡ್ಡಿನವರು ಮೆಲ್ಲಗೆ ಮಾತೆತ್ತಿದರು. ನೀನು ಇಲ್ಲಿದ್ದರೆ ಎಲ್ಲರಿಗೂ ಅಪಾಯ, ಬೇರೆ ಎಲ್ಲಾದರೂ ನೋಡಿಕೊ ಎಂದರು. ಅವರ ಕಣ್ಣಲ್ಲಿ ನೀರಿತ್ತು. ಆದರೂ ಹೇಳಿದರು.

ಊರಿಗೆ ಫೋನು ಮಾಡಿದೆ. ಚಿಕ್ಕಮ್ಮನ ಮಗಳು ಕೊಯಿಂತಾ ಮಾತಾಡಿದಳು. ತಾಯಿಯ ಮುಖ ನೋಡಿ ಹದಿನಾಲ್ಕು ವರ್ಷವಾಗಿತ್ತು ಅವಳಿಗೆ. ಸಾವಿನ ಸುದ್ದಿ ಆಗಲೇ ಮುಟ್ಟಿತ್ತು, ಅಳು ಮುಗಿದುಹೋಗಿತ್ತು.

"ಅವ್ವನ್ನ ಯಾವಾಗ ಕಳಿಸ್ತೀರಿ?" ಎಂದಳು.

"ಕೊಡಲ್ಲ ಅಂತಾರೆ ಕಣೆ. ಯಾರು ಅಂತ ಗೊತ್ತಿಲ್ಲ ಅಂತಾರೆ."

"ಯಾರು ಅಂತ ನಿಮಗೆ ಗೊತ್ತಿಲ್ವಾ, ಅಕ್ಕಾ?"

ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ಹೆಸರು ಸೇರಿಸಿ ಕಳಿಸಿ" ಎಂದಳು. "ಹೆಸರಿಲ್ದೆ ಬಂದ್ರೆ ನಾವಿಲ್ಲಿ ಯಾರನ್ನ ಅಂತ ಮಣ್ಣು ಮಾಡೋದು?"

ಮಾರನೆಯ ದಿನ ಹೊರಟೆ. ಎರಡು ಬಸ್ಸು ಬದಲಾಯಿಸಿ, ಸತ್ತವರನ್ನು ಇಡುವ ಸರ್ಕಾರಿ ಆಫೀಸಿಗೆ ಹೋದೆ. ಆ ಕಟ್ಟಡದ ಬಾಗಿಲಲ್ಲಿ ಪೊಲೀಸಿನವನಿದ್ದ. ಅವನನ್ನು ದಾಟುವಾಗ ನನ್ನ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಯಿತು. ಅವನು ಬಾಗಿಲು ಹಿಡಿದು ನಿಂತ, ನಾನು ಒಳಗೆ ಹೋಗಲಿ ಎಂದು. ಅಷ್ಟೇ. ನನಗೆ ಆ ಮರ್ಯಾದೆಯೂ ಬಲೆಯ ಹಾಗೆ ಕಂಡಿತು.

ಗಾಜಿನ ಹಿಂದೆ ಒಬ್ಬ ಹೆಂಗಸು ಕೂತಿದ್ದಳು. ಮಿಶ್ತೆಕ್ ಮಾತಾಡುವವರು ಇಲ್ಲ ಎಂದು ಸ್ಪ್ಯಾನಿಷ್‌ನವನೊಬ್ಬನನ್ನು ಫೋನಿನಲ್ಲಿ ಹಿಡಿದುಕೊಟ್ಟಳು. ಅವಳು ಇಂಗ್ಲಿಷಿನಲ್ಲಿ ಕೇಳುತ್ತಾಳೆ, ಅವನು ಎಲ್ಲಿಂದಲೋ ಸ್ಪ್ಯಾನಿಷ್‌ನಲ್ಲಿ ಹೇಳುತ್ತಾನೆ, ನಾನು ಮನಸ್ಸಿನಲ್ಲಿ ಮಿಶ್ತೆಕ್ ಮಾಡಿಕೊಳ್ಳುತ್ತೇನೆ. ಒಂದು ಸಾವು ಮೂರು ಬಾಗಿಲು ದಾಟಬೇಕು.

"ಸತ್ತೋರು ನಿಮಗೆ ಏನಾಗಬೇಕು?"

"ಒಂದೇ ಸಾಲಲ್ಲಿ ಕುಯ್ಯೋರು."

"ಅಂದ್ರೆ ತಾಯಿಯಾ? ಅಕ್ಕ ತಂಗಿಯಾ?"

"ಅಲ್ಲ. ಬಳ್ಳಿಯ ಆ ಕಡೆ ಅವಳು, ಈ ಕಡೆ ನಾನು."

ಫೋನಿನವನು ಅದನ್ನು ಏನೆಂದು ಹೇಳಿದನೋ. ಆ ಹೆಂಗಸು ಪೆನ್ನಿನ ತುದಿಯಿಂದ ಕಾಗದದ ಸಾಲುಗಳಲ್ಲಿ ಹುಡುಕಿದಳು. ಅವಳ ಕಾಗದದಲ್ಲಿ ಅದಕ್ಕೆ ಜಾಗವಿರಲಿಲ್ಲ.

"ಆ ತೋಟದವರು ಈ ಹೆಂಗಸು ನಮ್ಮ ಕೆಲಸದವಳಲ್ಲ ಅಂದಿದಾರೆ. ನೀವು ಅಲ್ಲಿ ಕೆಲಸ ಮಾಡ್ತಿದ್ರಿ ಅನ್ನೋದಕ್ಕೆ ಏನು ದಾಖಲೆ? ಅವರ ಪಟ್ಟಿಯಲ್ಲಿ ನಿಮ್ಮ ಹೆಸರು ಏನು ಅಂತ ಇದೆ?"

ಪ್ರಶ್ನೆ ಬಂದೇ ಬಿಟ್ಟಿತು. ಫೋನಿನವನು ಅದನ್ನು ಹೇಳಿ ಮುಗಿಸಿದ. ಆಮೇಲೆ ದನಿ ತಗ್ಗಿಸಿ, ಅವಳು ಕೇಳದ್ದನ್ನೂ ಸೇರಿಸಿದ: "ಅಕ್ಕಾ, ಇದನ್ನ ನಾನು ಹೇಳಬಾರದು. ಇದಕ್ಕೆ ಉತ್ತರ ಕೊಡಲೇಬೇಕು ಅಂತಿಲ್ಲ. ಎದ್ದು ಹೋಗಬಹುದು ನೀವು."

ಅವನ ಮುಖ ನಾನು ನೋಡಿಲ್ಲ. ಯಾವ ಊರಿನವನೋ ಗೊತ್ತಿಲ್ಲ. ಆ ಐದು ದಿನಗಳಲ್ಲಿ ನನ್ನ ಬಗ್ಗೆ ಯೋಚಿಸಿದವನು ಅವನೊಬ್ಬನೇ. ಎದ್ದು ಹೋಗಬೇಕು ಅನ್ನಿಸಿತು. ಕುರ್ಚಿಯ ಹಿಡಿ ಹಿಡಿದು ಕೂತೆ.

"ಪಟ್ಟೀಲಿ ನೋರ್ಮಾ ರಿವಾಸ್ ಅಂತ ಇದೆ" ಎಂದೆ. "ಅದು ನಾನಲ್ಲ. ನಾನು ಒತಿಲಿಯಾ ಫೇರಿಯಾ. ಅವರ ಪಟ್ಟೀಲಿರೋ ಹನ್ನೊಂದು ಹೆಸರಲ್ಲಿ ಒಬ್ಬರೂ ಆ ತೋಟ ನೋಡಿಲ್ಲ. ನಾವು ನೋಡಿದೀವಿ. ಸಾಲು ಎಷ್ಟು ಅಂತ ಕೇಳಿ, ಹೇಳ್ತೀನಿ. ದಣಿಯ ಕುದುರೆಗಳ ಹೆಸರು ಕೇಳಿ, ಅದ್ನೂ ಹೇಳ್ತೀನಿ. ಬೆಂಕಿ ಬರ್ತಿರೋದು ಗೊತ್ತಿದ್ದೂ ನಮ್ಮನ್ನ ಒಳಗೆ ಕಳಿಸಿದ್ರು. ವ್ಯಾನು ತಗೊಂಡು ಮೇಸ್ತ್ರಿ ಓಡಿಹೋದ. ಬರ್ಕೊಳಿ."

ಅವಳು ಬರೆದುಕೊಂಡಳು. ಬಹಳ ಹೊತ್ತು ಬರೆದಳು. ಆಮೇಲೆ ಒಂದು ಫೋಟೋ ಗಾಜಿನ ಕೆಳಗಿನಿಂದ ಈ ಕಡೆ ತಳ್ಳಿದಳು.

ಮುಖದ ಬೂದಿ ತೊಳೆದಿದ್ದರು. ಕೂದಲನ್ನು ಹಿಂದಕ್ಕೆ ಬಾಚಿದ್ದರು. ಚಿಕ್ಕಮ್ಮ ಹಾಗೆ ಬಾಚುತ್ತಿರಲಿಲ್ಲ, ನಡುವೆ ಬೈತಲೆ ತೆಗೆಯುತ್ತಿದ್ದಳು. ಅಷ್ಟು ಸ್ವಚ್ಛವಾದ ಅವಳ ಮುಖವನ್ನು ನಾನು ನೋಡಿಯೇ ಇರಲಿಲ್ಲ. ಒಂದು ಕ್ಷಣ ಗುರುತು ಸಿಗಲಿಲ್ಲ.

"ಕೈ ತೋರಿಸಿ" ಎಂದೆ.

"ಏನು?"

"ಅವಳ ಕೈ. ಕೈಯ ಫೋಟೋ ಇಲ್ವಾ?"

ಅವಳು ಒಳಗೆ ಹೋದಳು. ಇನ್ನೊಂದು ಫೋಟೋ ತಂದಳು. ಎಡಗೈ. ತೋರುಬೆರಳ ಮೇಲೆ ಒಂದರ ಪಕ್ಕ ಒಂದು ಬಿಳಿಯ ಗೆರೆಗಳು. ಹೆಬ್ಬೆರಳ ಉಗುರು ಅರ್ಧವೇ. ಅದರ ಕೆಳಗೆ, ಎಷ್ಟು ತೊಳೆದರೂ ಹೋಗದ ದ್ರಾಕ್ಷಿಯ ಕಪ್ಪು.

"ಲಿಬ್ರಾದಾ ಸರಾಬಿಯಾ" ಎಂದೆ.

ಅವಳು ಅಕ್ಷರ ಕೇಳಿದಳು. ಒಂದೊಂದೇ ಹೇಳಿದೆ. ಬರೆದು ತೋರಿಸಿದಳು. ಲಿಬ್ರಾದಾ ಎಂಬುದರ ಕೊನೆಯ 'ಆ' ಬದಲು 'ಓ' ಬರೆದಿದ್ದಳು, ಅದು ಗಂಡಸಿನ ಹೆಸರಾಗಿತ್ತು. ಗಾಜಿನ ಮೇಲೆ ಬೆರಳಿಟ್ಟು ತೋರಿಸಿದೆ. "ಇದು ಅಲ್ಲ. ಹೆಂಗಸು ಅವಳು." ಅವಳು ಹೊಡೆದುಹಾಕಿ ಮತ್ತೆ ಬರೆದಳು. ನಾನು ಕೆಳಗೆ ಸೈನ್ ಹಾಕಿದೆ. ಹನ್ನೊಂದು ವರ್ಷದಲ್ಲಿ ನನ್ನ ಹೆಸರನ್ನು ನಾನು ಬರೆದದ್ದು ಅದೇ ಮೊದಲು.

ಇದಾಗಿ ಹತ್ತು ದಿನವಾಯಿತು. ಬೆಂಕಿ ಇನ್ನೂ ಆರಿಲ್ಲ. ನಾಲ್ಕನೆಯದು ಉತ್ತರದಲ್ಲಿ ಹತ್ತಿಕೊಂಡಿದೆಯಂತೆ. ಆಳುಗಳನ್ನು ಒಳಗೆ ಬಿಡುವ ಆ ಕಾಗದ ಹಿಡಿದು ವ್ಯಾನುಗಳು ಈಗಲೂ ಮೇಲೆ ಹೋಗುತ್ತವೆ. ಮೇಸ್ತ್ರಿ ನಿಕಾನೋರನೇ. ದಣಿಯನ್ನು ಯಾರೂ ಏನೂ ಕೇಳಿಲ್ಲ. ನಾನು ಚರ್ಚಿನ ನೆಲಮನೆಯಲ್ಲಿ ಮಲಗುತ್ತೇನೆ, ಪಾತ್ರೆ ತೊಳೆದುಕೊಡುತ್ತೇನೆ. ಹೊರಗೆ ಕಾರಿನ ಬಾಗಿಲು ಬಡಿದರೆ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಕಿವಿಗೊಡುತ್ತೇನೆ. ಹಿಡಿಯಲು ಇನ್ನೂ ಯಾರೂ ಬಂದಿಲ್ಲ. ಬರುವುದಿಲ್ಲ ಎಂದೇನೂ ಅಲ್ಲ.

ನಿನ್ನೆ ಮಧ್ಯಾಹ್ನ 'ಅಕ್ಕಾ' ಎಂದು ಕರೆದ ಸದ್ದಾಯಿತು. ಸೆನೈದಾ ಮೆಟ್ಟಿಲ ಮೇಲೆ ನಿಂತಿದ್ದಳು. ಕೆಲಸದಿಂದ ನೇರ ಬಂದಿದ್ದಳು. ಮುಖದ ತುಂಬ ಬೂದಿ, ಮುಖವಾಡ ಕಟ್ಟಿದ್ದ ಜಾಗ ಮಾತ್ರ ಬೆಳ್ಳಗೆ. ಒಳಗೆ ಬಾ ಎಂದರೂ ಬರಲಿಲ್ಲ.

"ನನ್ ಮೇಲೆ ಸಿಟ್ಟಾ?"

"ಇಲ್ಲ."

"ನಾನೊಂದು ಯೋಚ್ನೆ ಮಾಡ್ದೆ ಅಕ್ಕ. ಆ ಕಾಗದದ ಮೇಲೆ ನಾವೆಲ್ಲ ಯಾವ ಹೆಸರು ಹಾಕಿದ್ವಿ? ಕಾರ್ಡಿನ ಹೆಸರು. ನಂದು ಗ್ಲೋರಿಯಾ ಪಾಂತೋಹಾ. ಆ ಯಮ್ಮ ಯಾರೋ, ಎಲ್ಲವ್ಳೋ. ಚಿಕ್ಕಮ್ಮನ್ನ ಗೊತ್ತಿಲ್ಲ ಅಂದಿದ್ದು ಅವಳು. ಅವಳ್ಗೆ ನಿಜ್ವಾಗ್ಲೂ ಗೊತ್ತಿಲ್ಲ." ಅವಳು ಕೆಮ್ಮಿದಳು. ಕೆಮ್ಮು ನಿಲ್ಲುವ ತನಕ ಗೋಡೆ ಹಿಡಿದು ನಿಂತಳು. "ಸೆನೈದಾ ಇನ್ನೂ ಏನೂ ಹೇಳಿಲ್ಲ."

ನಾನು ಅವಳ ಮುಖ ನೋಡಿದೆ.

"ಆ ಆಫೀಸು ಎಷ್ಟು ಗಂಟೆಗೆ ತೆಗೀತಾರೆ?" ಎಂದಳು.

"ಎಂಟಕ್ಕೆ" ಎಂದೆ. "ಎರಡು ಬಸ್ಸು ಬದಲಾಯಿಸ್ಬೇಕು. ಆರಕ್ಕೇ ಹೊರಡ್ಬೇಕಾಗ್ತದೆ."